ಕೆಲ್ಪ್ ಅಂದರೆ ಬರೀ ಬೂದಿಯಲ್ಲ, ಬರೀ ಪಾಚಿಯೂ ಅಲ್ಲ: ಕಾರವಾರದಿಂದ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ನಿಘಂಟು ಮಾಡುವ, ವಿಜ್ಞಾನದ ಪಾಠ ಅನುವಾದಿಸುವ, ಸರ್ಕಾರಿ ಸುತ್ತೋಲೆಗಳನ್ನು ಕನ್ನಡಕ್ಕೆ ತರುವ ಎಲ್ಲ ಹಿರಿಯರಿಗೆ,

ಮಾನ್ಯರೇ,

ಕಾರವಾರದಿಂದ ನಮಸ್ಕಾರ. ನಾನು ಇಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟುಕೊಂಡವನು. ಇಪ್ಪತ್ತೆರಡು ವರ್ಷವಾಯಿತು. ಮದುವೆ ಕಾಗದ, ವೈಕುಂಠ ಸಮಾರಾಧನೆಯ ಕಾರ್ಡು, ಯಕ್ಷಗಾನದ ಹ್ಯಾಂಡ್‌ಬಿಲ್, ಬೋಟಿನ ಅರ್ಜಿ, ಕಚೇರಿಗಳ ಕರಪತ್ರ, ಏನು ಬಂದರೂ ಟೈಪ್ ಮಾಡಿಕೊಡುತ್ತೇನೆ. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡಿಕೊಡುವುದೂ ಉಂಟು, ಪುಟಕ್ಕೆ ಇಷ್ಟು ಅಂತ. ನಾನು ಪಂಡಿತನಲ್ಲ. ಆದರೆ ನಿಮ್ಮ ನಿಘಂಟು ಯಾರ ಮೇಜಿನ ಮೇಲೆ ದಿನಾ ತೆರೆದಿರುತ್ತದೆ ಅಂತ ಯಾರಾದರೂ ಕೇಳಿದರೆ, ನನ್ನಂಥವರ ಮೇಜಿನ ಮೇಲೆ. ಆ ಸಲುಗೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

ದೂರು ಒಂದೇ ಒಂದು ಪದದ ಬಗ್ಗೆ. ಕೆಲ್ಪ್.

ಕಳೆದ ಡಿಸೆಂಬರ್‌ನಲ್ಲಿ ಒಂದು ಕಚೇರಿಯಿಂದ ಇಂಗ್ಲಿಷಿನ ಒಂದು ಪುಟ ಬಂತು. ಮೀನುಗಾರ ಮಹಿಳೆಯರಿಗೆ ಎರಡು ದಿನದ ತರಬೇತಿ, ಊಟ ಉಚಿತ, ಬಸ್ ಚಾರ್ಜ್ ಕೊಡುತ್ತಾರೆ. ವಿಷಯ: ಕೆಲ್ಪ್ ಬೇಸಾಯ. ಸಂಜೆಯೊಳಗೆ ಮುನ್ನೂರು ಪ್ರತಿ ಬೇಕು ಅಂದರು. ಕೆಲ್ಪ್ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ಅಪ್ಪನ ಕಾಲದ, ರಟ್ಟು ಕಿತ್ತುಹೋದ ನಿಘಂಟು ತೆಗೆದೆ. ಅದರಲ್ಲಿದ್ದದ್ದು ಎರಡೇ ಪದ: ಕಡಲಕಳೆಯ ಬೂದಿ. ಮೊಬೈಲಿನಲ್ಲಿ ನೋಡಿದೆ. ಪಾಚಿ ಅಂದಿತು. ಮಗಳ ಶಾಲೆಯ ವರ್ಕ್‌ಶೀಟಿನಲ್ಲಿ ಇದೇ ಪದ ಇತ್ತಲ್ಲ ಅಂತ ನೆನಪಾಗಿ ಮನೆಗೆ ಫೋನ್ ಮಾಡಿದೆ. ಅಲ್ಲಿ 'ಸಮುದ್ರದ ಗಿಡ' ಅಂತ ಇತ್ತು. ಮೂರು ಕಡೆ ಮೂರು ಮಾತು. ದಪ್ಪ ಪುಸ್ತಕ ಸುಳ್ಳು ಹೇಳಲಿಕ್ಕಿಲ್ಲ ಅಂದುಕೊಂಡು, 'ಕೆಲ್ಪ್ (ಕಡಲಕಳೆಯ ಬೂದಿ) ಬೇಸಾಯ ತರಬೇತಿ' ಅಂತ ದಪ್ಪ ಅಕ್ಷರದಲ್ಲಿ ಹೊಡೆದುಕೊಟ್ಟೆ. ಕಚೇರಿಯವರು ಓದದೇ ಸಹಿ ಹಾಕಿದರು. ಮಾರನೇ ದಿನ ಮೀನು ಮಾರುಕಟ್ಟೆಯ ಗೋಡೆಗೆಲ್ಲ ಅದೇ.

ನನ್ನ ಅಂಗಡಿಯ ಎದುರು ಒಬ್ಬ ಅಕ್ಕ ಬುಟ್ಟಿ ಇಟ್ಟುಕೊಂಡು ಬಂಗಡೆ, ತಾರ್ಲೆ ಮಾರುತ್ತಾಳೆ. ಕರಪತ್ರ ಕೈಯಲ್ಲಿ ಹಿಡಿದುಕೊಂಡೇ ಬಂದಳು.

"ಬೂದಿ ಬೆಳೆಸೂದು ಹ್ಯಾಂಗೆ ಮಾರಾಯಾ? ನಮ್ಮನೆ ಒಲೇಲಿ ದಿನಾ ಬೆಳೀತದೆ. ಅದಕ್ಕೂ ಸಬ್ಸಿಡಿ ಕೊಡ್ತಾರಾ?"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಲಿ. ಆದರೆ ತರಬೇತಿಗೆ ಹೋಗಿ ಬಂದ ಮೇಲೆ ಅವಳು ನಗಲಿಲ್ಲ. ಮೊದಲ ದಿನ ಪರದೆಯ ಮೇಲೆ ಕ್ಯಾಲಿಫೋರ್ನಿಯಾದ ಕಡಲಿನ ವಿಡಿಯೋ ತೋರಿಸಿದರಂತೆ. ನೀರಿನ ಒಳಗೆ ತೆಂಗಿನ ಮರಕ್ಕಿಂತ ಎತ್ತರದ ಕಂದು ಬಳ್ಳಿಗಳು, ನಡುವೆ ನೀರುನಾಯಿ ಈಜುತ್ತಿದೆ. ಎರಡನೇ ದಿನ ಕೈಗೆ ಕೊಟ್ಟದ್ದು ಬೆರಳು ದಪ್ಪದ, ರಬ್ಬರಿನಂಥ ಒಂದು ತುಂಡು ಕಳೆ. ಇದನ್ನೇ ಬಿದಿರಿನ ತೆಪ್ಪಕ್ಕೆ ಕಟ್ಟಿ ಬೆಳೆಸಬೇಕು ಅಂದರಂತೆ. "ಅದೇ ಬೇರೆ, ಇದೇ ಬೇರೆ ಅಲ್ವಾ?" ಅಂತ ಅವಳು ಕೇಳಿದಳು. "ಎರಡಕ್ಕೂ ಕೆಲ್ಪ್ ಅಂದ್ರು. ಯಾರಿಗೆ ಗೊತ್ತು."

ಅವಳು ಹೇಳಿದ್ದೇ ಸರಿ. ಅದೇ ಬೇರೆ, ಇದೇ ಬೇರೆ. ಅಂದಿನಿಂದ ನಾನು ಈ ಪದದ ಬೆನ್ನು ಬಿದ್ದೆ. ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಇದು ನಿಮಗೆ ಗೊತ್ತಿಲ್ಲದ್ದು ಅಂತಲ್ಲ. ಗೊತ್ತಿದ್ದೂ ಕನ್ನಡದಲ್ಲಿ ಯಾಕೆ ಬರೆದಿಲ್ಲ ಅನ್ನುವುದೇ ನನ್ನ ದೂರು.

ಕೆಲ್ಪ್ ಅಂದರೆ ದೊಡ್ಡ ಜಾತಿಯ ಕಂದು ಕಡಲಕಳೆ. ಎಲ್ಲ ಕಡಲಕಳೆ ಕೆಲ್ಪ್ ಅಲ್ಲ, ಎಲ್ಲ ಕಂದು ಕಳೆಯೂ ಕೆಲ್ಪ್ ಅಲ್ಲ. ವಿಜ್ಞಾನಿಗಳು ಲ್ಯಾಮಿನೇರಿಯಾಲಿಸ್ ಅನ್ನುವ ಒಂದು ಗಣಕ್ಕೆ ಮಾತ್ರ ಆ ಹೆಸರು ಇಟ್ಟುಕೊಂಡಿದ್ದಾರೆ. ಇದು ತಂಪು ನೀರಿನ ಕೂಸು. ನೀರಿನ ಬಿಸಿ ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಚ್ಚಿನ ಜಾತಿಗಳು ಸೊರಗುತ್ತವೆ. ಬೇರಿನ ಹಾಗೆ ಕಾಣುವ ಒಂದು ಹಿಡಿಕೆ ಬಂಡೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅದು ಬೇರಲ್ಲ, ಏನನ್ನೂ ಹೀರುವುದಿಲ್ಲ, ಸುಮ್ನೆ ಹಿಡಿದುಕೊಳ್ಳುತ್ತದೆ ಅಷ್ಟೇ. ಅದರ ಮೇಲೆ ಕಾಂಡದಂಥ ದಂಟು, ಆಮೇಲೆ ಪಟ್ಟಿ ಪಟ್ಟಿ ಅಲಗು. ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಮ್ಯಾಕ್ರೊಸಿಸ್ಟಿಸ್. 45 ಮೀಟರ್‌ವರೆಗೆ ಬೆಳೆಯುತ್ತದೆ. ಮುರ್ಡೇಶ್ವರದಲ್ಲಿ ಕೂತಿರುವ 123 ಅಡಿಯ ಶಿವನ ತಲೆಯ ಮೇಲೆ ಇನ್ನೂ ಎರಡು ಆಳು ಎತ್ತರ ಸೇರಿಸಿದರೂ ಅದಕ್ಕೆ ಸಮ ಆಗುವುದಿಲ್ಲ. ಅನುಕೂಲದ ನೀರು ಸಿಕ್ಕರೆ ದಿನಕ್ಕೆ ಅರ್ಧ ಮೀಟರ್ ಉದ್ದವಾಗುತ್ತದೆ. ಇಂಥದ್ದು ಸಾವಿರಗಟ್ಟಲೆ ಒತ್ತಾಗಿ ನಿಂತಾಗ ಅದಕ್ಕೆ ಕೆಲ್ಪ್ ಕಾಡು ಅನ್ನುತ್ತಾರೆ. ಮಗಳ ವರ್ಕ್‌ಶೀಟಿನಲ್ಲಿ ಅದು 'ಪಾಚಿ ಕಾಡು' ಆಗಿತ್ತು. ಪಾಚಿ ಅಂದರೆ ನಮ್ಮ ಮಕ್ಕಳಿಗೆ ಮಳೆಗಾಲದಲ್ಲಿ ಅಂಗಳದಲ್ಲಿ ಜಾರುವ ಹಸಿರು. ಅದರಲ್ಲಿ ಕಾಡು ಹೇಗೆ ಕಾಣಬೇಕು ಆ ಕೂಸಿಗೆ?

ಹಾಗಾದರೆ ಬೂದಿ ಎಲ್ಲಿಂದ ಬಂತು? ಅಪ್ಪನ ನಿಘಂಟಿನ ಮೇಲೆ ಮೊದಲು ನನಗೆ ಸಿಟ್ಟು ಬಂದಿತ್ತು. ಈಗ ಮರುಕ. ಅದು ಹೇಳಿದ್ದು ಸುಳ್ಳಲ್ಲ, ಇನ್ನೂರು ವರ್ಷ ಹಳೆಯ ಸತ್ಯ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿನ ಸ್ಟ್ರಾನ್ಸೆ ದ್ವೀಪದಲ್ಲಿ 1722ರಲ್ಲಿ ಕಡಲಕಳೆ ಸುಡುವ ದಂಧೆ ಶುರುವಾಯಿತು. ದಂಡೆಗೆ ಬಂದ ಕಳೆಯನ್ನು ಒಣಗಿಸಿ, ಕಲ್ಲು ಕಟ್ಟಿದ ಗುಂಡಿಯಲ್ಲಿ ಸುಟ್ಟು, ಕರಗಿದ ಬೂದಿ ಗಟ್ಟಿಯಾದ ಮೇಲೆ ಒಡೆದು ಹಡಗಿಗೆ ತುಂಬುತ್ತಿದ್ದರು. ಸುಮಾರು 20 ಟನ್ ಹಸಿ ಕಳೆ ಸುಟ್ಟರೆ ಒಂದು ಟನ್ ಬೂದಿ. ಅದರಲ್ಲಿದ್ದ ಸೋಡಾ, ಪೊಟ್ಯಾಶ್ ಗಾಜಿಗೂ ಸಾಬೂನಿಗೂ ಬೇಕಿತ್ತು. ಆ ಬೂದಿಗೇ ವ್ಯಾಪಾರಿಗಳು ಕೆಲ್ಪ್ ಅನ್ನುತ್ತಿದ್ದರು. ಹೊಗೆ ಕುಡಿದವರು ಗೇಣಿದಾರರು, ದುಡ್ಡು ಮಾಡಿಕೊಂಡವರು ಜಮೀನ್ದಾರರು. ಇದು ಎಲ್ಲ ಕಡೆಯ ಕತೆ ಬಿಡಿ. ನೆಪೋಲಿಯನ್ ಯುದ್ಧ ಮುಗಿದು ಅಗ್ಗದ ಸೋಡಾ ಬರತೊಡಗಿದ್ದೇ ಆ ದಂಧೆ ಕುಸಿಯಿತು. ಕೊನೆಗೆ ಬೂದಿಯ ಅರ್ಥ ಹಿಂದೆ ಸರಿದು ಕಳೆಯ ಅರ್ಥವೇ ಉಳಿಯಿತು. ಇಂಗ್ಲಿಷಿನಲ್ಲಿ ಸರಿದದ್ದು ನಮ್ಮ ನಿಘಂಟಿನಲ್ಲಿ ಮಾತ್ರ ಹಾಗೇ ಕೂತುಬಿಟ್ಟಿದೆ.

ಆ ಬೂದಿಯಿಂದ ನಮಗೂ ಒಂದು ಉಪಕಾರ ಆಗಿದೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕುರ್ಟ್ವಾ ಅನ್ನುವವನು ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ಮಾಡಲು ಕಡಲಕಳೆಯ ಬೂದಿ ಬಳಸುತ್ತಿದ್ದ. ಒಂದು ದಿನ ಗಂಧಕಾಮ್ಲ ಜಾಸ್ತಿ ಬಿದ್ದು ನೇರಳೆ ಬಣ್ಣದ ಹೊಗೆ ಎದ್ದಿತು. ಅದೇ ಅಯೋಡಿನ್. ಮಂಡಿ ತರಚಿದಾಗ ಅಜ್ಜಿ ಹಚ್ಚುತ್ತಿದ್ದ, ಉರಿಯುವ ಟಿಂಕ್ಚರ್ ನೆನಪಿದೆಯಾ? ಅದರ ಮೂಲ ಇಲ್ಲಿ.

ಇನ್ನೂ ಒಂದು ಹೇಳಲೇಬೇಕು. ನಮ್ಮ ಅಂಗಡಿಯ ಪಕ್ಕ ಸಂಜೆ ಗೋಬಿ ಮಂಚೂರಿ ಗಾಡಿ ನಿಲ್ಲುತ್ತದೆ. ಅದರ ಡಬ್ಬಿಯಲ್ಲಿ ಟೇಸ್ಟಿಂಗ್ ಪೌಡರ್ ಇರುತ್ತದಲ್ಲ, ಆ ರುಚಿಯನ್ನು ಮೊದಲು ಬೇರೆ ಮಾಡಿ ತೆಗೆದದ್ದು ಕೆಲ್ಪಿನಿಂದ. ಜಪಾನಿನವರು ಕೊಂಬು ಅನ್ನುವ ಕೆಲ್ಪ್ ಕುದಿಸಿ ಸಾರು ಮಾಡುತ್ತಾರೆ. ಆ ಸಾರು ಯಾಕೆ ಅಷ್ಟು ರುಚಿ ಅಂತ ಟೋಕಿಯೊದ ಇಕೆಡಾ ಕಿಕುನಾಯೆ ಅನ್ನುವ ರಸಾಯನಶಾಸ್ತ್ರಜ್ಞ 1908ರಲ್ಲಿ ಹುಡುಕಿ, ಅದಕ್ಕೆ ಕಾರಣ ಗ್ಲುಟಮೇಟ್ ಅಂತ ಕಂಡುಕೊಂಡ. ಆಮೇಲೆ ಅದೇ ಪುಡಿಯಾಗಿ ಲೋಕವೆಲ್ಲ ತಿರುಗಿತು. ಈಗ ಅದನ್ನು ಕಬ್ಬು, ಮೆಕ್ಕೆಜೋಳದಂಥವನ್ನು ಹುಳಿಬರಿಸಿ ಮಾಡುತ್ತಾರೆ, ಕೆಲ್ಪಿನಿಂದ ಅಲ್ಲ. ಗಾಡಿಯ ಹುಡುಗನಿಗೆ ಈ ಕತೆ ಹೇಳಿದೆ. "ಅಂದ್ರೆ ಇದು ಪಾಚಿಯಾ?" ಅಂತ ಡಬ್ಬಿ ಮೂಸಿ ನೋಡಿದ.

ಈಗ ನಮ್ಮ ಕಡಲಿಗೆ ಬರುತ್ತೇನೆ. ಜನವರಿಯ ಅಮಾವಾಸ್ಯೆ. ದೊಡ್ಡ ಇಳಿತದ ಹೊತ್ತಿಗೆ ಮಗಳನ್ನು ಕರೆದುಕೊಂಡು ಮಾಜಾಳಿಯ ಕಡೆ ಬಂಡೆಗಳಿಗೆ ಹೋದೆ. ನೀರು ಹಿಂದೆ ಸರಿದ ಜಾಗದಲ್ಲಿ ಬಂಡೆಗೆಲ್ಲ ಕೂದಲು ಬಂದ ಹಾಗಿತ್ತು. ಅಲ್ಲಲ್ಲಿ ತೆಳ್ಳಗಿನ ಹಸಿರು ಹಾಳೆ, ನೆನೆದ ಪ್ಲಾಸ್ಟಿಕ್ ಕೊಟ್ಟೆಯ ಹಾಗೆ. ಅದು ಅಲ್ವಾ. (ಹೌದು, ಅದರ ಹೆಸರೇ ಅಲ್ವಾ. ಮಗಳಿಗೆ "ಇದು ಅಲ್ವಾ" ಅಂದರೆ "ಹೌದು, ಇದೇ" ಅನ್ನುತ್ತಾಳೆ.) ಇನ್ನೊಂದು ಕಡೆ ಪುಟ್ಟ ಪುಟ್ಟ ಬೀಸಣಿಗೆ, ಮೇಲೆ ಸುಣ್ಣದ ಗೆರೆ ಎಳೆದ ಹಾಗೆ. ಅದು ಪಡೈನ. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಸರ್ಗಾಸಮ್. ಕಂದು ಬಣ್ಣ, ಒಂದು ಮೊಳ ಎರಡು ಮೊಳ ಉದ್ದ, ಅಂಚಿಗೆ ಗರಗಸದ ಹಲ್ಲು ಇರುವ ಎಲೆಯಂಥದ್ದು, ನಡುನಡುವೆ ಕಾಳುಮೆಣಸಿನಷ್ಟು ಗಾಳಿಗುಳ್ಳೆ. ಮಗಳು ಒಂದೊಂದೇ ಗುಳ್ಳೆ ಒತ್ತಿ ಪಟ್ ಪಟ್ ಅನ್ನಿಸುತ್ತ ಕೂತಳು. ಸರ್ಗಾಸಮ್ ಅನ್ನುವ ಹೆಸರು ಬಂದದ್ದು ಪೋರ್ಚುಗೀಸರ ಬಾಯಿಂದ. ಅವರು 1961ರವರೆಗೆ ಇಟ್ಟುಕೊಂಡಿದ್ದ ಅಂಜುದೀವ್ ದ್ವೀಪ ನಮ್ಮ ಕಣ್ಣೆದುರಿಗೇ ಇದೆ.

ಪಡೈನ, ಸರ್ಗಾಸಮ್ ಎರಡೂ ಕಂದು ಕಳೆಗಳೇ. ಆದರೆ ಎರಡೂ ಕೆಲ್ಪ್ ಅಲ್ಲ. ನಮ್ಮ ಮಾಜಾಳಿಯಿಂದ ಭಟ್ಕಳದವರೆಗೆ ಎಲ್ಲಿ ಹುಡುಕಿದರೂ ಕೆಲ್ಪ್ ಸಿಗುವುದಿಲ್ಲ. ನಮ್ಮ ನೀರು ಬಿಸಿ. ವರ್ಷದ ಹೆಚ್ಚಿನ ಕಾಲ 26ರಿಂದ 30 ಡಿಗ್ರಿ. ಒಂದು ತಮಾಷೆ ಮಾತ್ರ ಇದೆ. ಇದೇ ಅರಬ್ಬಿ ಸಮುದ್ರದ ಆಚೆ ದಂಡೆಯಲ್ಲಿ, ಒಮಾನಿನ ಧೋಫಾರ್ ಕಡೆ, ಎಕ್ಲೋನಿಯಾ ಅನ್ನುವ ಕೆಲ್ಪ್ ಇದೆ. ಮುಂಗಾರಿನ ಗಾಳಿ ಅಲ್ಲಿ ಆಳದ ತಣ್ಣೀರನ್ನು ಮೇಲಕ್ಕೆ ಎಳೆದು ತರುತ್ತದೆ. ಆ ತಂಪಿನಲ್ಲಿ ಅದು ಬೆಳೆಯುತ್ತದೆ. ನಮಗೆ ಮಳೆ ತರುವ ಗಾಳಿ ಅವರಿಗೆ ಕೆಲ್ಪ್ ಬೆಳೆಸಿಕೊಡುತ್ತದೆ. ಇಂಥದ್ದನ್ನು ಪಾಠದಲ್ಲಿ ಬರೆದರೆ ಗಲ್ಫಿನಲ್ಲಿ ಅಪ್ಪಂದಿರಿರುವ ಭಟ್ಕಳದ ಮಕ್ಕಳು ಮರೆಯುತ್ತಾರಾ?

ತರಬೇತಿಯಲ್ಲಿ ಆ ಅಕ್ಕನ ಕೈಗೆ ಕೊಟ್ಟದ್ದು ಕಪ್ಪಾಫೈಕಸ್. ಅದು ಕೆಂಪು ಕಡಲಕಳೆಯ ಕುಲ, ಬಿಸಿ ನೀರಿನದ್ದು. ತಮಿಳುನಾಡಿನ ರಾಮನಾಥಪುರದ ಕಡೆ ಹೆಂಗಸರು 12 ಅಡಿ ಚೌಕದ ಬಿದಿರಿನ ತೆಪ್ಪಕ್ಕೆ ತುಂಡು ತುಂಡು ಕಟ್ಟಿ, ಸುಮಾರು 45 ದಿನಕ್ಕೆ ಕೊಯ್ಯುತ್ತಾರೆ. ಅದರಿಂದ ಬರುವುದು ಕ್ಯಾರಗೀನನ್, ತಿನಿಸು ಗಟ್ಟಿ ಮಾಡುವ ಅಂಟು. ಕೆಲ್ಪಿನಿಂದ ಬರುವುದು ಅಲ್ಜಿನೇಟ್. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಾಯಿಗೆ ತುಂಬುವ ಮುದ್ದೆ ಅದೇ. ಮಾಲು ಬೇರೆ, ಕೊಳ್ಳುವವನು ಬೇರೆ, ದರ ಬೇರೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆಗೆ ಅಂತಲೇ 640 ಕೋಟಿ ರೂಪಾಯಿ ಇಟ್ಟಿದ್ದರು. ಆ ದುಡ್ಡಿನಲ್ಲಿ ಒಂದಿಷ್ಟು ನಮ್ಮ ದಂಡೆಗೂ ಬರಲಿ ಅಂತ ಆಸೆ ಇಟ್ಟುಕೊಂಡವರಿಗೆ, ಯಾವ ಕಳೆ ಅಂತಲೇ ಸರಿಯಾಗಿ ಹೇಳದಿದ್ದರೆ ಹೇಗೆ? ಕಾಳಿ ನದಿಯ ಸಿಹಿನೀರು ಮಳೆಗಾಲದಲ್ಲಿ ಕಡಲಿಗೆ ನುಗ್ಗಿದಾಗ ಈ ಕಳೆ ಉಳಿಯುತ್ತದಾ, ಜೂನ್ ತಿಂಗಳ ತೆರೆಗೆ ತೆಪ್ಪ ನಿಲ್ಲುತ್ತದಾ ಅಂತ ಅವಳು ಕೇಳಬೇಕಿತ್ತು. ಕೇಳುವ ಹೊತ್ತೆಲ್ಲ ಬೂದಿಯೋ ಬಳ್ಳಿಯೋ ಅನ್ನುವ ಗೊಂದಲದಲ್ಲೇ ಹೋಯಿತು. ಅದಕ್ಕೆ ಅರ್ಧ ಕಾರಣ ನಾನು. ಇನ್ನರ್ಧ ನಿಮ್ಮದು, ಬೇಜಾರು ಮಾಡಿಕೊಳ್ಳಬೇಡಿ.

ಶಿರಸಿಯ ನನ್ನ ಭಾವ ಅಡಿಕೆ ತೋಟಕ್ಕೆ ಒಂದು ಕ್ಯಾನ್ ಗೊಬ್ಬರದ ದ್ರಾವಣ ತಂದಿದ್ದ. ಮುಂದೆ ದೊಡ್ಡದಾಗಿ ಕೆಲ್ಪ್ ಅಂತ ಇತ್ತು. ಹಿಂದೆ ಸಣ್ಣಕ್ಷರದಲ್ಲಿ ಕಪ್ಪಾಫೈಕಸ್. ಇಂಗ್ಲಿಷಿನಲ್ಲೂ ಈ ಗೊಂದಲ ಇದೆ ಅನ್ನುವುದನ್ನು ಒಪ್ಪುತ್ತೇನೆ. ನಾರ್ವೇಜಿಯನ್ ಕೆಲ್ಪ್ ಅಂತ ಗೊಬ್ಬರಕ್ಕೆ ಮಾರುವ ಆಸ್ಕೊಫಿಲಮ್ ಕೂಡ ಲೆಕ್ಕಪ್ರಕಾರ ಕೆಲ್ಪ್ ಗಣದ್ದಲ್ಲ. ವ್ಯಾಪಾರಿಗಳ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ. ಆದರೆ ನಿಘಂಟು ವ್ಯಾಪಾರಿಯ ಹಿಂದೆ ಹೋಗಬೇಕಾ?

ಗೊಬ್ಬರವಾದರೆ ಹೋಗಲಿ. ಮೈಗೆ ತಾಗುವ ಸಂಗತಿ ಇನ್ನೊಂದಿದೆ. ಸಂಬಂಧಿಕರೊಬ್ಬರು ಥೈರಾಯ್ಡಿಗೆ ಮಾತ್ರೆ ನುಂಗುವವರು. ಆನ್‌ಲೈನಿನಲ್ಲಿ ಕೆಲ್ಪ್ ಕ್ಯಾಪ್ಸೂಲ್ ತರಿಸಿ ಎರಡು ತಿಂಗಳು ತಿಂದರು. ಮೊಬೈಲಿನಲ್ಲಿ ಅರ್ಥ ನೋಡಿದರೆ ಪಾಚಿ ಅಂತ ಬಂತಂತೆ, ಪಾಚಿಯಿಂದ ಏನಾಗುತ್ತದೆ ಅಂತ ಸುಮ್ಮನಿದ್ದರು. ರಕ್ತಪರೀಕ್ಷೆ ಏರುಪೇರಾಗಿ ಡಾಕ್ಟರು ಕೇಳಿದಾಗಲೇ ಗೊತ್ತಾದದ್ದು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಒಣಗಿದ ಕೊಂಬು ಒಂದೇ ಗ್ರಾಂನಲ್ಲಿ ಸಾವಿರಕ್ಕೂ ಜಾಸ್ತಿ ಇರಬಹುದು. ನಿಘಂಟಿನಲ್ಲಿ 'ಅಯೋಡಿನ್ ಹೆಚ್ಚಿರುವ' ಅನ್ನುವ ಎರಡು ಪದ ಇದ್ದಿದ್ದರೆ ಅವರು ಒಂದು ಸಲ ಡಾಕ್ಟರನ್ನು ಕೇಳುತ್ತಿದ್ದರೇನೋ.

ಅದಕ್ಕೇ ನನ್ನ ಕೋರಿಕೆ. ಕೆಲ್ಪ್ ಅನ್ನುವ ಪದವನ್ನು ಹಾಗೇ ಇಟ್ಟುಕೊಳ್ಳಿ. ದಯವಿಟ್ಟು 'ಬೃಹತ್ ಕಪಿಶ ಶೈವಲ' ಅಂತೆಲ್ಲ ಹೊಸದು ಹೊಸೆಯಬೇಡಿ. ಬಸ್ಸು, ಬೋಟು ಒಗ್ಗಿದ ಬಾಯಿಗೆ ಕೆಲ್ಪೂ ಒಗ್ಗುತ್ತದೆ. ಆ ಅಕ್ಕ ಆಗಲೇ 'ಕೆಲ್ಪು' ಅನ್ನುತ್ತಾಳೆ. ಒಟ್ಟು ಜಾತಿಗೆ ಕಡಲಕಳೆ ಅನ್ನುವ ಚೆಂದದ ಮಾತು ಇದೆ. ಗದ್ದೆಯಲ್ಲಿ ಕಿತ್ತು ಎಸೆಯುವುದೂ ಕಳೆ, ಮುಖದ ಮೇಲೆ ಇರಬೇಕಾದ್ದೂ ಕಳೆ. ಕಡಲಿಗೆ ಎರಡೂ ಒಪ್ಪುತ್ತದೆ. ಪಾಚಿಯನ್ನು ಬಾವಿಕಟ್ಟೆಗೆ ಬಿಟ್ಟುಬಿಡಿ.

ನಿಘಂಟಿಗೆ ನಾನು ಬರೆದಿಟ್ಟುಕೊಂಡದ್ದು ಹೀಗಿದೆ, ತಿದ್ದಿ: 'ಕೆಲ್ಪ್: ತಂಪು ಕಡಲಿನಲ್ಲಿ ಬಂಡೆಗೆ ಅಂಟಿ ಬೆಳೆಯುವ ದೊಡ್ಡ ಕಂದು ಕಡಲಕಳೆ, ಅಯೋಡಿನ್ ಹೆಚ್ಚಿರುವಂಥದ್ದು, ಭಾರತದ ಕರಾವಳಿಯಲ್ಲಿ ಬೆಳೆಯುವುದಿಲ್ಲ. (ಹಳೆಯ ಬಳಕೆ) ಕಡಲಕಳೆ ಸುಟ್ಟು ತೆಗೆದ ಬೂದಿ.' ನಾಲ್ಕು ಸಾಲು ಜಾಗ ಸಾಕು.

ಸುತ್ತೋಲೆ ಬರೆಯುವವರಲ್ಲಿ ಇನ್ನೊಂದು ಮಾತು. ನಮ್ಮ ಜಿಲ್ಲೆಗೆ ಕಳಿಸುವ ಕಾಗದದಲ್ಲಿ ಕಡಲಕಳೆ ಅಂತ ಬರೆದು, ಪಕ್ಕದಲ್ಲಿ ಯಾವ ಜಾತಿ ಅಂತ ಕನ್ನಡ ಲಿಪಿಯಲ್ಲೇ ಹೆಸರು ಹಾಕಿ. ಜೊತೆಗೊಂದು ಚಿತ್ರ ಇರಲಿ. ಪಾಠ ಬರೆಯುವವರು ಕ್ಯಾಲಿಫೋರ್ನಿಯಾದ ಕಾಡು ಖಂಡಿತ ತೋರಿಸಿ, ಅದು ನೋಡುವಂಥದ್ದೇ. ಅದರ ಪಕ್ಕ ನಮ್ಮ ಬಂಡೆಯ ಸರ್ಗಾಸಮ್ಮಿಗೂ ಅರ್ಧ ಪುಟ ಕೊಡಿ. ಕಾರವಾರದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇದೆ, ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಪದ ಪಕ್ಕಾ ಮಾಡುವ ಮೊದಲು ಅಲ್ಲಿಗೊಂದು ಫೋನ್ ಮಾಡಬಹುದು. ಹಾಗೇ ಬೈತಖೋಲ ಬಂದರಿಗೂ ಒಮ್ಮೆ ಬನ್ನಿ. ಬಲೆಗೆ ಸಿಕ್ಕಿದ ಕಳೆ ಬಿಡಿಸುತ್ತ ಕೂತವರು ಅದಕ್ಕೆ ಏನೇನು ಹೆಸರು ಹೇಳುತ್ತಾರೆ ಅಂತ ಕೇಳಿ. ಕೆಲವರು ಬರೀ ಕಸ ಅನ್ನುತ್ತಾರೆ, ಕೊಂಕಣಿ ಮರಾಠಿ ಬಾಯಿಯವರು ಶೇವಾಳ ಅನ್ನುತ್ತಾರೆ. ಇನ್ನೂ ಹತ್ತು ಹೆಸರು ಹಿರಿಯರ ಬಾಯಲ್ಲಿ ಇರಬಹುದು, ಯಾರೂ ಬರೆದುಕೊಂಡಿಲ್ಲ ಅಷ್ಟೇ.

ಅದೇ ಕಚೇರಿಯವರು ಎರಡನೇ ತರಬೇತಿಯ ಕರಪತ್ರ ತಂದುಕೊಟ್ಟು ಹೋಗಿದ್ದಾರೆ. ಇಂಗ್ಲಿಷಿನಲ್ಲಿ ಮತ್ತೆ ಕೆಲ್ಪ್ ಅಂತಲೇ ಇದೆ. ಈ ಸಲ ನಾನು 'ಕಪ್ಪಾಫೈಕಸ್ ಎಂಬ ಕೆಂಪು ಕಡಲಕಳೆಯ ಬೇಸಾಯ' ಅಂತ ಹೊಡೆದು ಪ್ರೂಫ್ ಕಳಿಸಿದ್ದೇನೆ. "ಮೂಲದಲ್ಲಿ ಇಲ್ಲದ್ದು ಯಾಕೆ ಹಾಕಿದಿರಿ, ನಿಘಂಟಿನಲ್ಲಿ ಇದೆಯಾ?" ಅಂತ ಕೇಳಿ ವಾಪಸ್ ಕಳಿಸಿದ್ದಾರೆ. ಅದು ನನ್ನ ಮೇಜಿನ ಮೇಲೆ, ಅಪ್ಪನ ನಿಘಂಟಿನ ಪಕ್ಕದಲ್ಲೇ ಇದೆ. ನಿಮ್ಮ ಉತ್ತರ ಬಂದರೆ ಅದನ್ನೇ ಲಗತ್ತಿಸಿ ಕಳಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಾರವಾರದ ಒಬ್ಬ ಡಿಟಿಪಿಯವನು